ಪ್ರೂಫ್ ನೋಡುವಾಗ ತಪ್ಪನ್ನು ಎಲ್ಲಿ ಹುಡುಕಬೇಕು

(ಗದಗದಲ್ಲಿ ಡಿಟಿಪಿ ಆಪರೇಟರುಗಳು, ಮುದ್ರಣಾಲಯದವರು ಮತ್ತು ಕಾಲೇಜು ಸಂಚಿಕೆ ಹೊರತರುವ ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮುದ್ರಣಕಾಶಿ ಎಂದು ಹೆಸರಾದ ಊರು ಇದು. ಅಚ್ಚಿಗೆ ಹೋಗುವ ಮೊದಲು ತಪ್ಪು ತಿದ್ದಲು ತೆಗೆಯುವ ಪ್ರತಿಯೇ ಪ್ರೂಫ್ ಎಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ತಪ್ಪು ಸುಮ್ಮನೆ ಆಗುವುದಿಲ್ಲ, ಪ್ರತಿ ತಪ್ಪಿಗೂ ಒಂದು ಹುಟ್ಟು ಇರುತ್ತದೆ. ಕೆಲವು ಕಿವಿಯಿಂದ ಬರುತ್ತವೆ, ಕೆಲವು ಬೆರಳಿನಿಂದ, ಕೆಲವು ಯಂತ್ರದಿಂದ, ಇನ್ನು ಕೆಲವು ನಾವು ತಿದ್ದಿದ್ದರಿಂದಲೇ ಹುಟ್ಟುತ್ತವೆ. ಮ್ಯಾಟರ್, ಅಂದರೆ ಅಚ್ಚಾಗಬೇಕಾದ ಬರಹ, ಯಾವ ದಾರಿ ಹಿಡಿದು ನಿಮ್ಮ ಮೇಜಿಗೆ ಬಂತು ಎಂದು ಮೊದಲು ಕೇಳಿಕೊಳ್ಳಿ. ಕೈಬರಹ ನೋಡಿ ಕಂಪೋಜ್ ಮಾಡಿದ್ದೋ, ಫೋನಿಗೆ ಮಾತಾಡಿ ಟೈಪ್ ಮಾಡಿಸಿದ್ದೋ, ಹಳೆಯ ನುಡಿ ತಂತ್ರಾಂಶದ ಫೈಲನ್ನು ಈಗ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ತಿರುಗಿಸಿದ್ದೋ, ಹೋದ ವರ್ಷದ ಆಮಂತ್ರಣ ಪತ್ರಿಕೆಯನ್ನೇ ಅಲ್ಲಿಲ್ಲಿ ಬದಲಿಸಿದ್ದೋ? ಉತ್ತರ ಸಿಕ್ಕರೆ ಯಾವ ಜಾತಿಯ ತಪ್ಪು ಕಾದು ಕುಳಿತಿದೆ ಎಂಬುದು ಓದುವ ಮೊದಲೇ ಅರ್ಧ ಗೊತ್ತಾಗುತ್ತದೆ.

ಹೀಗೆ ಹುಡುಕಿಕೊಂಡು ಹೋಗಬೇಕಾದದ್ದು ಯಾಕೆಂದರೆ, ಓದಿ ಪಳಗಿದ ಕಣ್ಣು ಅಕ್ಷರ ಅಕ್ಷರ ನೋಡುವುದಿಲ್ಲ. ಅದು ಹಾರಿ ಹಾರಿ ಓದುತ್ತದೆ, ನಡುವೆ ಬಿಟ್ಟದ್ದನ್ನು ಮನಸ್ಸು ತುಂಬಿಕೊಳ್ಳುತ್ತದೆ. ಬರೆದವರೇ ತಮ್ಮ ಪ್ರೂಫ್ ನೋಡಿದಾಗ ಹೆಚ್ಚು ತಪ್ಪು ಉಳಿಯುವುದು ಇದೇ ಕಾರಣಕ್ಕೆ. ಏನು ಬರೆದಿದ್ದೇವೆ ಎಂಬುದು ಅವರಿಗೆ ಬಾಯಿಪಾಠ. ಕನ್ನಡದಲ್ಲಿ ಇನ್ನೂ ಒಂದು ತೊಡಕಿದೆ. ಒತ್ತಕ್ಷರ ಸಾಲಿನ ಕೆಳಗೆ ಇಳಿದಿರುತ್ತದೆ, ಕಣ್ಣು ತಲೆಕಟ್ಟಿನ ಮೇಲೆ ಓಡುತ್ತಿರುತ್ತದೆ. ದ ಮತ್ತು ಧ, ಬ ಮತ್ತು ಭ ಇವುಗಳ ನಡುವೆ ಇರುವುದು ಅಡಿಯ ಒಂದು ಸಣ್ಣ ಗೀಟು. 10 ಪಾಯಿಂಟ್ ಅಕ್ಷರದಲ್ಲಿ, ಟೋನರ್ ಮುಗಿಯುತ್ತ ಬಂದ ಪ್ರಿಂಟರಿನಲ್ಲಿ, ಆ ಗೀಟು ಇದೆಯೋ ಇಲ್ಲವೋ ಹೇಳುವುದು ಕಷ್ಟ. ಅದಕ್ಕೇ ಮೊದಲ ಪ್ರೂಫನ್ನು ಪುಟದ ಅಳತೆಗೆ ತೆಗೆಯಬೇಡಿ. 14 ಅಥವಾ 16 ಪಾಯಿಂಟ್‌ನಲ್ಲಿ, ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ ಕೊಟ್ಟು, ಎರಡೂ ಬದಿ 4 ಸೆಂಟಿಮೀಟರ್ ಅಂಚು ಬಿಟ್ಟು ಕಾಗದದ ಮೇಲೆ ತೆಗೆಯಿರಿ. ಪುಟದ ಅಳತೆಯ ಪ್ರೂಫ್ ಎರಡನೆಯ ಸುತ್ತಿಗೆ. ಆಗ ನೋಡಬೇಕಾದದ್ದು ಶೀರ್ಷಿಕೆ, ಪುಟಸಂಖ್ಯೆ, ಪುಟದ ತಲೆಯಲ್ಲಿ ಒಂಟಿಯಾಗಿ ಉಳಿದ ಸಾಲು, ಚಿತ್ರದ ಅಡಿಬರಹ.

ಕಿವಿಯಿಂದ ಬರುವ ತಪ್ಪು

ಕನ್ನಡವನ್ನು ಆಡಿದಂತೆ ಬರೆಯಬಹುದು ಎಂಬುದು ನಮ್ಮ ಲಿಪಿಯ ದೊಡ್ಡ ಅನುಕೂಲ. ಪ್ರೂಫ್ ನೋಡುವವರಿಗೆ ತೊಂದರೆ ಬರುವುದೂ ಅಲ್ಲಿಂದಲೇ, ಏಕೆಂದರೆ ನಾವು ಆಡುವುದೇ ಬೇರೆ ಇರುತ್ತದೆ. ನಮ್ಮ ಭಾಗದ ಮಾತಿನಲ್ಲಿ ಬಿಸಿ ಬಿಶಿ ಆಗುತ್ತದೆ, ಸಿಟ್ಟು ಶಿಟ್ಟು ಆಗುತ್ತದೆ, ಶಾಲೆ ಸಾಲಿ ಆಗುತ್ತದೆ. ಮಾತಿನಲ್ಲಿ ಇದು ತಪ್ಪಲ್ಲ, ಕಥೆಯ ಸಂಭಾಷಣೆಯಲ್ಲಿ ಬಂದರೆ ಮುಟ್ಟಲೂಬಾರದು. ಆದರೆ ವರದಿ, ಆಮಂತ್ರಣ, ಪಠ್ಯದಲ್ಲಿ ಸ ಮತ್ತು ಶ ಅದಲುಬದಲಾಗುವುದು ಇಲ್ಲಿಂದ. ಋಕಾರವೂ ಹಾಗೇ. ಅದು ನಮ್ಮ ಬಾಯಲ್ಲಿ ‘ರು’ ಆಗುವುದರಿಂದ ಸಂಸ್ಕ್ರುತಿ, ಕ್ರುಷಿ, ಹ್ರುದಯ ಎಂದು ಕಂಪೋಜ್ ಆಗಿ ಬರುತ್ತದೆ. ಸಂಸ್ಕೃತಿ, ಕೃಷಿ, ಹೃದಯ ಎಂದು ತಿದ್ದುವುದು ಸುಲಭ, ಏಕೆಂದರೆ ತಪ್ಪು ರೂಪಕ್ಕೆ ಅರ್ಥವೇ ಇಲ್ಲ, ಕಣ್ಣಿಗೆ ಚುಚ್ಚುತ್ತದೆ. ಕಷ್ಟವಾಗುವುದು ಎರಡೂ ರೂಪಕ್ಕೆ ಅರ್ಥ ಇದ್ದಾಗ. ಗೃಹ ಎಂದರೆ ಮನೆ, ಗ್ರಹ ಎಂದರೆ ಶನಿ, ಗುರು, ಮಂಗಳ. ‘ಗ್ರಹಪ್ರವೇಶ’ ಎಂದು ಅಚ್ಚಾದ ಪತ್ರಿಕೆ ಯಾವ ಸ್ಪೆಲ್ ಚೆಕ್ಕಿಗೂ ಸಿಗುವುದಿಲ್ಲ. ಇದರಲ್ಲೇ ಇನ್ನೊಂದು ಸೂಕ್ಷ್ಮ: ಸಂಗ್ರಹ, ಅನುಗ್ರಹ ಎಂಬಲ್ಲಿ ಗ್ರ, ಆದರೆ ಸಂಗೃಹೀತ, ಅನುಗೃಹೀತ ಎಂಬಲ್ಲಿ ಗೃ.

ಮಹಾಪ್ರಾಣದ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ನಮ್ಮ ಪತ್ರಿಕೆ, ಫ್ಲೆಕ್ಸ್, ಸ್ಮರಣ ಸಂಚಿಕೆಗಳಲ್ಲಿ ಅತಿ ಹೆಚ್ಚು ತಪ್ಪು ಇಲ್ಲಿದೆ. ಮಹಾಪ್ರಾಣ ಬಿಡುವುದು ಒಂದು ತಪ್ಪು, ಬೇಡದಲ್ಲಿ ಹಾಕುವುದು ಇನ್ನೊಂದು. ಎರಡನೆಯದು ಓದಿದವರು ಮಾಡುವ ತಪ್ಪು. ಎಲ್ಲಿಯೋ ಒಂದು ಮಹಾಪ್ರಾಣ ಇದೆ ಎಂದು ನೆನಪಿರುತ್ತದೆ, ಎಲ್ಲಿ ಎಂಬುದು ಮರೆತಿರುತ್ತದೆ. ಹೀಗೆ ಬೋಧನೆ ಭೋಧನೆ ಆಗುತ್ತದೆ, ಬಾಧೆ ಭಾದೆ ಆಗುತ್ತದೆ, ಸಂಬಂಧ ಸಂಭಂಧ ಆಗುತ್ತದೆ, ದೀರ್ಘ ಧೀರ್ಘ ಆಗುತ್ತದೆ, ಪ್ರಬುದ್ಧ ಪ್ರಭುದ್ಧ ಆಗುತ್ತದೆ. ಈ ಐದನ್ನೂ ಒಟ್ಟಿಗೆ ಇಟ್ಟು ನೋಡಿ. ಎಲ್ಲದರಲ್ಲೂ ಮೊದಲನೆಯದು ಅಲ್ಪಪ್ರಾಣ, ನಂತರದ್ದು ಮಹಾಪ್ರಾಣ. ಸಂಸ್ಕೃತದ ಒಂದೇ ಧಾತುವಿನಲ್ಲಿ ಎರಡು ಮಹಾಪ್ರಾಣ ಬೆನ್ನಿಗೆ ಬೆನ್ನು ಹಚ್ಚಿ ಬರುವುದು ಬಹಳ ಅಪರೂಪ. ಆದ್ದರಿಂದ ಒಂದೇ ಪದದಲ್ಲಿ ಎರಡು ಕಂಡರೆ ಪೆನ್ ನಿಲ್ಲಲಿ. ಸಮಾಸವಾದರೆ ಮಾತು ಬೇರೆ. ಹುಬ್ಬಳ್ಳಿಯ ಸಿದ್ಧಾರೂಢರ ಹೆಸರು ಸಿದ್ಧ ಮತ್ತು ಆರೂಢ ಎಂಬ ಎರಡು ಪದ ಕೂಡಿದ್ದು, ಹಾಗಾಗಿ ಅಲ್ಲಿ ದ್ಧ ಕೂಡ ಬೇಕು, ಢ ಕೂಡ ಬೇಕು. ‘ಸಿದ್ದಾರೂಡ’ ಎಂದು ಎರಡನ್ನೂ ಕಳೆದುಕೊಂಡ ಫಲಕಗಳು ಬೇಕಾದಷ್ಟಿವೆ.

ಇನ್ನು ಷ್ಟ ಮತ್ತು ಷ್ಠ. ಇದನ್ನು ಬಾಯಿಪಾಠ ಮಾಡುವುದಕ್ಕಿಂತ ತಿಳಿದುಕೊಳ್ಳುವುದು ಒಳ್ಳೆಯದು. ‘ಎಲ್ಲಕ್ಕಿಂತ ಹೆಚ್ಚು’ ಅಥವಾ ‘ಎಲ್ಲಕ್ಕಿಂತ ಕಡಿಮೆ’ ಎಂಬ ಅರ್ಥ ಕೊಡುವ ಪದಗಳಿಗೆ ಠ ಬರುತ್ತದೆ: ಗರಿಷ್ಠ, ಕನಿಷ್ಠ, ಶ್ರೇಷ್ಠ, ಜ್ಯೇಷ್ಠ, ಬಲಿಷ್ಠ. ‘ನಿಲ್ಲು’ ಎಂಬ ಅರ್ಥದ ಸ್ಥಾ ಧಾತುವಿನಿಂದ ಬಂದವಕ್ಕೂ ಠ: ಪ್ರತಿಷ್ಠಾಪನೆ, ನಿಷ್ಠೆ, ಅನುಷ್ಠಾನ, ವಿಚಾರಗೋಷ್ಠಿ. ‘ಆದದ್ದು’ ಎಂಬ ಅರ್ಥ ಕೊಡುವ ರೂಪಗಳಿಗೆ ಟ: ಇಷ್ಟ, ನಷ್ಟ, ಸ್ಪಷ್ಟ, ನಿರ್ದಿಷ್ಟ, ಪರಿಶಿಷ್ಟ, ವಿಶಿಷ್ಟ. ವಿಶಿಷ್ಟ ಎಂಬುದು ಶ್ರೇಷ್ಠ ಎಂಬಂತೆ ಕೇಳಿಸುವುದರಿಂದ ಜನ ಅದಕ್ಕೂ ಠ ಹಚ್ಚುತ್ತಾರೆ. ಕಾಷ್ಠ, ಕುಷ್ಠ, ಕೋಷ್ಠಕ ಇಂಥ ಕೆಲವು ಈ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ, ಅವನ್ನು ನೆನಪಿಟ್ಟುಕೊಳ್ಳಲೇಬೇಕು. ಒಂದು ಜೋಡಿಯನ್ನಂತೂ ಮೇಜಿನ ಮುಂದೆ ಬರೆದು ಅಂಟಿಸಿ: ಷಷ್ಠಿ ಎಂದರೆ ಆರನೆಯ ತಿಥಿ, ಷಷ್ಟಿ ಎಂದರೆ ಅರವತ್ತು. ಸುಬ್ರಹ್ಮಣ್ಯ ಷಷ್ಠಿಗೆ ಠ, ಷಷ್ಟ್ಯಬ್ದಿ ಸಮಾರಂಭಕ್ಕೆ ಟ.

ನ ಮತ್ತು ಣ ಇನ್ನೊಂದು ಜಾಗ. ಆಮಂತ್ರಣ ಪತ್ರಿಕೆಯ ಕೆಲಸ ಮಾಡುವವರು ಈ ನಿಯಮ ಕಲಿತರೆ ದಿನಕ್ಕೆ ಹತ್ತು ಸಲ ಉಪಯೋಗಕ್ಕೆ ಬರುತ್ತದೆ. ಸಂಸ್ಕೃತ ಪದದಲ್ಲಿ ಋ, ರ ಅಥವಾ ಷ ಮೊದಲು ಬಂದಿದ್ದರೆ ಮುಂದಿನ ನ ಹೊರಳಿ ಣ ಆಗುತ್ತದೆ: ಸಮರ್ಪಣೆ, ಅನಾವರಣ, ವಿತರಣೆ, ಭಾಷಣ, ಗ್ರಹಣ, ಶಿಕ್ಷಣ. ನಡುವೆ ಸ್ವರ, ಕವರ್ಗ, ಪವರ್ಗ, ಯ, ವ, ಹ, ಅನುಸ್ವಾರ ಇದ್ದರೆ ಅಡ್ಡಿಯಿಲ್ಲ. ಆದರೆ ಚವರ್ಗ, ಟವರ್ಗ, ತವರ್ಗದ ಅಕ್ಷರವಾಗಲಿ, ಲ, ಶ, ಸ ಆಗಲಿ ನಡುವೆ ನಿಂತರೆ ದಾರಿ ಕಟ್ಟಿ ನ ಹಾಗೇ ಉಳಿಯುತ್ತದೆ: ಪ್ರಾರ್ಥನೆ, ಕೀರ್ತನೆ, ರಚನೆ, ದರ್ಶನ. ಉದ್ಘಾಟನೆಯಲ್ಲಿ ರ ಇಲ್ಲ, ಷ ಇಲ್ಲ, ಆದ್ದರಿಂದ ‘ಉದ್ಘಾಟಣೆ’ ತಪ್ಪು. ಈ ನಿಯಮದ ಅತಿ ಚೆಂದದ ಉದಾಹರಣೆ ಲಗ್ನಪತ್ರಿಕೆಯ ಮೇಲ್ಭಾಗದಲ್ಲೇ ಇರುತ್ತದೆ. ಉತ್ತರಾಯಣ ಎಂಬಲ್ಲಿ ಣ, ಏಕೆಂದರೆ ರ ಇದೆ, ನಡುವೆ ಇರುವುದು ಯ ಮಾತ್ರ. ದಕ್ಷಿಣಾಯನ ಎಂಬಲ್ಲಿ ನ, ಏಕೆಂದರೆ ಷ ಮತ್ತು ಕೊನೆಯ ನ ಇವುಗಳ ನಡುವೆ ಟವರ್ಗದ ಣ ಬಂದು ನಿಂತಿದೆ. ‘ದಕ್ಷಿಣಾಯಣ’ ಎಂದು ಅಚ್ಚಾಗುವುದು ಉತ್ತರಾಯಣದ ಜೋಡಿ ಎಂದುಕೊಂಡು. ರೂಢಿ ಕೆಲವೊಮ್ಮೆ ನಿಯಮವನ್ನು ದಾಟಿ ಹೋಗಿದೆ. ಪ್ರಕಟಣೆ ಎಂಬುದು ಲೆಕ್ಕದ ಪ್ರಕಾರ ಪ್ರಕಟನೆ ಆಗಬೇಕಿತ್ತು, ಆದರೆ ಇವತ್ತು ಣ ನೆಲೆಯೂರಿದೆ. ಅದನ್ನು ಹಟದಿಂದ ತಿದ್ದಲು ಹೋಗಬಾರದು.

ಸಂಧಿಯ ತಪ್ಪುಗಳೂ ಕಿವಿಯವೇ. ಲಕ್ಷಾಂತರ ಸರಿ, ಅದನ್ನು ಕೇಳಿದ ಕಿವಿ ಕೋಟ್ಯಾಂತರ ಎನ್ನುತ್ತದೆ. ಲಕ್ಷ ಅಕಾರದಲ್ಲಿ ಮುಗಿಯುತ್ತದೆ, ಅ ಮತ್ತು ಅ ಕೂಡಿ ಆ ಆಯಿತು. ಕೋಟಿ ಇಕಾರದಲ್ಲಿ ಮುಗಿಯುತ್ತದೆ, ಇ ಹೋಗಿ ಯ ಬಂತು, ದೀರ್ಘಕ್ಕೆ ಕಾರಣವಿಲ್ಲ. ಆದ್ದರಿಂದ ಕೋಟ್ಯಂತರ, ಕೋಟ್ಯಧೀಶ, ಜಾತ್ಯತೀತ. ಪಕ್ಷಾತೀತ ಮಾತ್ರ ದೀರ್ಘವೇ. ಕೂಲಂಕಷ ಎಂಬುದನ್ನು ‘ಕೂಲಂಕುಶ’ ಎಂದು ಬರೆಯುವುದು ಅಂಕುಶದ ನೆನಪಿನಿಂದ. ಕೂಲ ಎಂದರೆ ದಡ, ದಡವನ್ನೂ ಉಜ್ಜಿಕೊಂಡು ಹರಿಯುವಂಥದ್ದು ಕೂಲಂಕಷ.

ಬೆರಳಿನಿಂದ ಬರುವ ತಪ್ಪು

ನಮ್ಮಲ್ಲಿ ಹೆಚ್ಚಿನ ಆಪರೇಟರುಗಳ ಕೈ ಕುಳಿತಿರುವುದು ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಗೆ. ಅದರಲ್ಲಿ ಡಿ ಒತ್ತಿದರೆ ದ, ಶಿಫ್ಟ್ ಹಿಡಿದು ಒತ್ತಿದರೆ ಧ. ಹಾಗೆಯೇ ಲ ಮತ್ತು ಳ ಒಂದೇ ಕೀಲಿ, ನ ಮತ್ತು ಣ ಒಂದೇ ಕೀಲಿ, ಸ ಮತ್ತು ಶ ಒಂದೇ ಕೀಲಿ, ಎ ಮತ್ತು ಏ, ಒ ಮತ್ತು ಓ ಕೂಡ. ಶಿಫ್ಟ್ ಒಂದು ಕ್ಷಣ ಬೇಗ ಬಿಟ್ಟರೆ ಹಾಳು ಹಾಲಾಗುತ್ತದೆ, ಬೆಳೆ ಬೆಲೆಯಾಗುತ್ತದೆ, ಕಳೆ ಕಲೆಯಾಗುತ್ತದೆ, ಧನ ದನವಾಗುತ್ತದೆ. ಬಿಡುವುದು ತಡವಾದರೆ ಉಲ್ಟಾ: ಕೊಲ್ಲುವವರು ಕೊಳ್ಳುವವರಾಗುತ್ತಾರೆ. ಬೆಳೆ ವಿಮೆ, ಬೆಂಬಲ ಬೆಲೆ ಎರಡೂ ಒಂದೇ ಪುಟದಲ್ಲಿ ಬರುವ ಕೃಷಿ ಲೇಖನದಲ್ಲಿ ಲ ಮತ್ತು ಳ ಇವಕ್ಕಾಗಿಯೇ ಒಂದು ಸಲ ಬೇರೆ ಓದಬೇಕು.

ಇಲ್ಲಿ ಒಂದು ಉಪಯುಕ್ತ ಗುರುತು ಸಿಗುತ್ತದೆ. ಈ ಕೀಲಿಮಣೆಯಲ್ಲಿ ಷ ಬೇರೆಯೇ ಆದ ಎಕ್ಸ್ ಕೀಲಿಯಲ್ಲಿದೆ. ಶಿಫ್ಟ್ ತಪ್ಪಿದ್ದರಿಂದ ಶ ಬದಲು ಷ ಬೀಳುವುದಿಲ್ಲ. ಆದ್ದರಿಂದ ಪ್ರೂಫಿನಲ್ಲಿ ‘ಶುಭಾಷಯ’, ‘ವಿಶಾದ’ ಎಂದು ಕಂಡರೆ ಅದು ಬಹುಮಟ್ಟಿಗೆ ಆಪರೇಟರ್ ಅವಸರದಲ್ಲಿ ಮಾಡಿದ್ದಲ್ಲ. ಒಂದೋ ಮೂಲ ಪ್ರತಿಯಲ್ಲೇ ಹಾಗಿದೆ, ಇಲ್ಲವೇ ಕಂಪೋಜ್ ಮಾಡಿದವರಿಗೆ ಆ ಪದದ ರೂಪವೇ ಹಾಗೆ ತಿಳಿದಿದೆ. ಅಂಥ ತಪ್ಪು ಒಂದು ಕಡೆ ಸಿಕ್ಕರೆ ಇಡೀ ಫೈಲಿನಲ್ಲಿ ಹುಡುಕಿ, ಪ್ರತಿ ಸಲವೂ ಹಾಗೇ ಬಂದಿರುತ್ತದೆ. ಸ ಇದ್ದಲ್ಲಿ ಶ ಬಿದ್ದದ್ದು ಬೆರಳಿನ ತಪ್ಪಾಗಿದ್ದರೆ ಅಲ್ಲೊಂದು ಇಲ್ಲೊಂದು ಇರುತ್ತದೆ, ಹುಡುಕಿ ಬದಲಿಸುವ ಆಜ್ಞೆಗೆ ಸಿಗುವುದಿಲ್ಲ, ಕಣ್ಣಿನಿಂದಲೇ ಹಿಡಿಯಬೇಕು. ತಪ್ಪಿನ ಹುಟ್ಟು ತಿಳಿದಿದ್ದರೆ ಕೆಲಸ ಉಳಿಯುವುದು ಹೀಗೆ.

ಯಂತ್ರದಿಂದ ಬರುವ ತಪ್ಪು

ಮುಂಚೆ ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ನುಡಿ ಅಥವಾ ಶ್ರೀಲಿಪಿ ಅಕ್ಷರದಲ್ಲಿ ಮಾಡಿಟ್ಟ ಪುಸ್ತಕಗಳನ್ನು ಈಗ ಯೂನಿಕೋಡ್‌ಗೆ ತಿರುಗಿಸಿ ಮರುಮುದ್ರಣ ಮಾಡುವ ಕೆಲಸ ತುಂಬಾ ಬರುತ್ತಿದೆ. ಹಳೆಯ ಅಕ್ಷರಗಳಲ್ಲಿ ಅರ್ಕಾವೊತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ವ್ಯಂಜನದ ನಂತರ, ಕೂಡಿಸಿಡುತ್ತಿದ್ದರು. ಯೂನಿಕೋಡ್‌ನಲ್ಲಿ ಅದು ಉಚ್ಚಾರದ ಕ್ರಮದಲ್ಲಿ, ಅಂದರೆ ವ್ಯಂಜನಕ್ಕಿಂತ ಮೊದಲು, ಇರಬೇಕು. ತಿರುಗಿಸುವ ತಂತ್ರಾಂಶ ಇದನ್ನು ಹಿಂದೆ ಮುಂದೆ ಮಾಡುವಾಗ ಎಡವಿದರೆ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂಡುತ್ತದೆ. ಹಾಗೆ ತಿರುಗಿಸಿದ ಫೈಲಿನಲ್ಲಿ ಮೊದಲು ನೋಡಬೇಕಾದದ್ದು ಅರ್ಕಾವೊತ್ತು ಇರುವ ಪದಗಳನ್ನು: ತೋಂಟದಾರ್ಯ, ಕರ್ನಾಟಕ, ವಿದ್ಯಾವರ್ಧಕ, ಸೌಹಾರ್ದ, ಪ್ರಾಚಾರ್ಯ. ‘ಆರ್ಶೀವಾದ’ ಎಂಬ ತಪ್ಪನ್ನು ಮಾತ್ರ ಯಂತ್ರದ ತಲೆಗೆ ಕಟ್ಟಬೇಡಿ, ಅದನ್ನು ಕೈಯಲ್ಲಿ ಬರೆಯುವವರೂ ಬರೆಯುತ್ತಾರೆ. ಸರಿಯಾದದ್ದು ಆಶೀರ್ವಾದ.

ವಾಟ್ಸಾಪ್‌ನಲ್ಲಿ ಬರುವ ಮ್ಯಾಟರಿನಲ್ಲಿ ಇನ್ನೊಂದು ಜಾತಿಯ ತಪ್ಪು ಇರುತ್ತದೆ, ಕಣ್ಣಿಗೆ ಅದು ಕಾಣುವುದೇ ಇಲ್ಲ. ಅರ್ಕಾವೊತ್ತು ಬರದವರು ಕನ್ನಡದ ಒಂಬತ್ತನ್ನು ಒತ್ತುತ್ತಾರೆ: ಕಾಯ೯ಕ್ರಮ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಹಾಕುತ್ತಾರೆ: ಬೆ೦ಗಳೂರು. ಕಾಗದದ ಮೇಲೆ ಎರಡೂ ಹೆಚ್ಚುಕಡಿಮೆ ಸರಿಯಾಗಿ ಕಾಣುತ್ತವೆ. ಅಕ್ಷರಶೈಲಿ ಬದಲಾಯಿಸಿದ ಕೂಡಲೇ ಸೊನ್ನೆ ದಪ್ಪಗಾಗಿ, ಒಂಬತ್ತು ಮೇಲೆದ್ದು ಕಾಣುತ್ತದೆ. ಪುಸ್ತಕವನ್ನು ಇ-ಪುಸ್ತಕ ಮಾಡಿದರೆ ಹುಡುಕಿದವರಿಗೆ ಬೆಂಗಳೂರು ಸಿಗುವುದೇ ಇಲ್ಲ. ಮ್ಯಾಟರ್ ಕೈಗೆ ಬಂದ ಕೂಡಲೇ, ಪುಟ ಕಟ್ಟುವ ಮೊದಲೇ, ಫೈಲಿನಲ್ಲಿ ೯ ಮತ್ತು ೦ ಎರಡನ್ನೂ ಹುಡುಕಿ ನೋಡಿ. ಎರಡು ನಿಮಿಷದ ಕೆಲಸ.

ಹಾನಗಲ್‌ನಲ್ಲಿ ಎಂಬುದು ಹಾನಗಲ್ನಲ್ಲಿ 
ಎಂದಾಗುವುದು, ರ‍್ಯಾಂಕ್ ಎಂಬುದು ರ್ಯಾಂಕ್ ಎಂದಾಗುವುದು ಕೂಡ ಯಂತ್ರದ್ದೇ. ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ಯೂನಿಕೋಡ್ ಅದನ್ನು ಒತ್ತಾಗಿ ಕೂಡಿಸುತ್ತದೆ, ರ ಆದರೆ ಅರ್ಕಾವೊತ್ತಾಗಿ ಮಾಡುತ್ತದೆ. ಹಾಗೆ ಮಾಡಬೇಡ ಎಂದು ಹೇಳುವ, ಕಣ್ಣಿಗೆ ಕಾಣದ ಗುರುತನ್ನು ನಡುವೆ ಹಾಕಬೇಕು. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಕಾಪಿ ಮಾಡುವಾಗ ಈ ಗುರುತುಗಳು ಕೆಲವೊಮ್ಮೆ ಉದುರಿಹೋಗುತ್ತವೆ. ಹಾಗಾಗಿ ಪುಟ ಕಟ್ಟಿದ ಮೇಲೆ ಇಂಗ್ಲಿಷ್ ಪದಗಳನ್ನೂ, ಹಾನಗಲ್ ಎಂಬಂತೆ ಅರ್ಧಾಕ್ಷರದಲ್ಲಿ ಮುಗಿಯುವ ಊರಿನ ಹೆಸರುಗಳನ್ನೂ ಮತ್ತೊಮ್ಮೆ ನೋಡಬೇಕು.

ತಿದ್ದುಪಡಿಯೇ ಮಾಡುವ ತಪ್ಪು

ಎಲ್ಲವನ್ನೂ ಒಮ್ಮೆಗೇ ಬದಲಿಸುವ ಆಜ್ಞೆಯಷ್ಟು ಅಪಾಯದ ಸಾಧನ ಇನ್ನೊಂದಿಲ್ಲ. ಸಹಕಾರ ಸಂಘದ ವಾರ್ಷಿಕ ವರದಿಯೊಂದರಲ್ಲಿ ‘ದನಸಹಾಯ’ ಎಂದು ಎಲ್ಲ ಕಡೆ ಬಂದಿದೆ ಎನ್ನಿ. ಆಪರೇಟರ್ ‘ದನ’ ಹುಡುಕಿ ಎಲ್ಲವನ್ನೂ ‘ಧನ’ ಮಾಡಿದರು. ಧನಸಹಾಯ ಸರಿಯಾಯಿತು. ಅದರ ಜೊತೆಗೆ ಸದನ ಸಧನ ಆಯಿತು, ಸ್ಪಂದನ ಸ್ಪಂಧನ ಆಯಿತು, ಚಂದನ ಚಂಧನ ಆಯಿತು. ಯೂನಿಕೋಡ್‌ನಲ್ಲಿ ಸ್ವರಚಿಹ್ನೆ ಬೇರೆಯೇ ಅಕ್ಷರವಾಗಿ ಕೂತಿರುವುದರಿಂದ ಅಭಿನಂದನೆ ಕೂಡ ಅಭಿನಂಧನೆ ಆಗಬಹುದು. ಮೊದಲ ಪ್ರೂಫಿನಲ್ಲಿ ಸರಿಯಿದ್ದ ಪದಗಳು ಇವು, ಎರಡನೆಯ ಪ್ರೂಫಿನಲ್ಲಿ ಇವನ್ನು ಯಾರೂ ನೋಡುವುದಿಲ್ಲ. ಹುಡುಕುವಾಗ ಇಡೀ ಪದ ‘ದನಸಹಾಯ’ ಎಂದೇ ಕೊಡಬೇಕು, ಒಂದೊಂದನ್ನೇ ನೋಡಿ ಬದಲಿಸಬೇಕು.

ಎರಡನೆಯ ಪ್ರೂಫಿನಲ್ಲಿ ತಿದ್ದಿದ ಪದವನ್ನಷ್ಟೇ ನೋಡಿ ಟಿಕ್ ಹಾಕುವ ರೂಢಿ ಬಿಡಬೇಕು. ತಿದ್ದಿದ ಪದ ಇರುವ ಪ್ಯಾರಾದ ಕೊನೆಯವರೆಗೆ ಓದಬೇಕು. ಪದ ಉದ್ದವಾದರೆ ಸಾಲು ಮುರಿಯುವ ಜಾಗ ಬದಲಾಗುತ್ತದೆ, ಕೆಲವೊಮ್ಮೆ ಪುಟದ ಕೊನೆಯ ಸಾಲೇ ಚೌಕಟ್ಟಿನ ಹೊರಗೆ ಹೋಗಿ ಕಾಣೆಯಾಗುತ್ತದೆ.

ಗುರುತು ಹಾಕುವುದರ ಬಗ್ಗೆ ಎರಡು ಮಾತು. ತಿದ್ದುಪಡಿ ಅಂಚಿನಲ್ಲಿ ಇರಬೇಕು, ಸಾಲಿನ ನಡುವೆ ತುರುಕಬಾರದು, ಏಕೆಂದರೆ ಆಪರೇಟರ್ ನೋಡುವುದು ಅಂಚನ್ನು. ಒಂದು ಸಾಲಿನಲ್ಲಿ ಎರಡು ಮೂರು ತಪ್ಪಿದ್ದರೆ ಅದೇ ಕ್ರಮದಲ್ಲಿ ಓರೆಗೀಟು ಹಾಕಿ ಬರೆಯಿರಿ. ಒತ್ತು ಮಾತ್ರ ತಪ್ಪಿದ್ದರೂ ಇಡೀ ಅಕ್ಷರವನ್ನು ಹೊಡೆದು ಇಡೀ ಅಕ್ಷರವನ್ನೇ ಅಂಚಿನಲ್ಲಿ ಬರೆಯಬೇಕು. ಬರೀ ಒತ್ತು ಬರೆದರೆ ಅದು ಯಾವ ಅಕ್ಷರದ ಕೆಳಗೆ ಹೋಗಬೇಕು ಎಂಬ ಗೊಂದಲದಲ್ಲಿ ಹೊಸ ತಪ್ಪು ಹುಟ್ಟುತ್ತದೆ. ಹೊಡೆದದ್ದು ಹಾಗೇ ಇರಲಿ ಎನಿಸಿದರೆ ಅದರ ಅಡಿಯಲ್ಲಿ ಚುಕ್ಕೆ ಸಾಲು ಹಾಕಿ, ಅಂಚಿನಲ್ಲಿ ‘ಇರಲಿ’ ಎಂದು ಬರೆಯಿರಿ. ವೇಗದ ಮಾತು ಬಂದರೆ, ಗಂಟೆಗೆ ಎಂಟರಿಂದ ಹತ್ತು ಪುಟಕ್ಕಿಂತ ಹೆಚ್ಚು ನೋಡಿದವರು ಓದಿದ್ದಾರೆ, ಪ್ರೂಫ್ ನೋಡಿಲ್ಲ. ಮುಕ್ಕಾಲು ಗಂಟೆಗೊಮ್ಮೆ ಎದ್ದು ಬರುವುದು ಸೋಮಾರಿತನವಲ್ಲ, ಕೆಲಸದ ಭಾಗ.

ಇಂಗ್ಲಿಷ್ ಮ್ಯಾಟರ್

ಕಾಲೇಜು ಸಂಚಿಕೆ, ವಿಸಿಟಿಂಗ್ ಕಾರ್ಡ್, ಫಲಕ ಎಲ್ಲದರಲ್ಲೂ ಇಂಗ್ಲಿಷ್ ಇರುತ್ತದೆ. ‘ಅದು ಗಿರಾಕಿಯ ಜವಾಬ್ದಾರಿ’ ಎಂದು ಬಿಡುವುದು ಸರಿಯಲ್ಲ. ಇಂಗ್ಲಿಷ್ ಕಾಗುಣಿತ ಯಾಕೆ ಹೀಗೆ ಎಂದು ತಿಳಿದಿದ್ದರೆ ಭಯ ಕಡಿಮೆಯಾಗುತ್ತದೆ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿನಲ್ಲಿ ಮುದ್ರಣ ಶುರುಮಾಡಿದ. ಕಾಗುಣಿತ ಅಚ್ಚಿನಲ್ಲಿ ಗಟ್ಟಿಯಾಗುತ್ತಿದ್ದ ಕಾಲದಲ್ಲೇ ಆ ಭಾಷೆಯ ದೀರ್ಘಸ್ವರಗಳ ಉಚ್ಚಾರ ಬದಲಾಗುತ್ತಿತ್ತು. ಯೋಧ ಎಂಬ ಅರ್ಥದ ನೈಟ್ ಪದದ ಮೊದಲಿನ ಕೆ ಒಂದು ಕಾಲಕ್ಕೆ ಬಾಯಲ್ಲಿ ಇತ್ತು. ಬಾಯಿಂದ ಹೋಯಿತು, ಅಚ್ಚಿನಲ್ಲಿ ಉಳಿಯಿತು. ಸಾಲ ಎಂಬ ಅರ್ಥದ ಡೆಟ್ ಪದದ ಬಿ ಆ ಭಾಷೆಯ ಮಾತಿನಲ್ಲಿ ಎಂದೂ ಇರಲಿಲ್ಲ. ಲ್ಯಾಟಿನ್ ಮೂಲವನ್ನು ತೋರಿಸಲು ಪಂಡಿತರು ಆಮೇಲೆ ಸೇರಿಸಿದರು. ಹಾಗಾಗಿ ಅಲ್ಲಿ ಕಿವಿಯನ್ನು ನಂಬುವಂತಿಲ್ಲ, ಪದಪದವನ್ನೂ ಕಣ್ಣಿನಿಂದ ನೆನಪಿಡಬೇಕು.

ಕನ್ನಡಿಗರ ಇಂಗ್ಲಿಷ್ ತಪ್ಪುಗಳಲ್ಲಿ ನಮ್ಮ ಬಾಯಿಯ ಗುರುತು ಇರುತ್ತದೆ. ಇಂಗ್ಲಿಷಿನ ಜ಼ೆಡ್ ಧ್ವನಿ ನಮ್ಮ ಬಾಯಲ್ಲಿ ಸ ಆಗುವುದರಿಂದ ‘ಕಳೆದುಕೊಳ್ಳು’ ಎಂಬ ಅರ್ಥದ, ಒಂದೇ ಒ ಇರುವ ಪದವೂ ‘ಸಡಿಲ’ ಎಂಬ ಅರ್ಥದ, ಎರಡು ಒ ಇರುವ ಪದವೂ ನಮಗೆ ಲೂಸ್. ಅಡ್ವೈಸ್ ಕೂಡ ಹಾಗೇ: ಸಲಹೆ ಎಂಬ ನಾಮಪದಕ್ಕೆ ಸಿ, ಸಲಹೆ ಕೊಡು ಎಂಬ ಕ್ರಿಯಾಪದಕ್ಕೆ ಎಸ್. ಪ್ರ್ಯಾಕ್ಟಿಸ್, ಲೈಸೆನ್ಸ್ ಇವಕ್ಕೂ ಬ್ರಿಟಿಷ್ ರೂಢಿಯಲ್ಲಿ ಇದೇ ಲೆಕ್ಕ, ಆದರೆ ಅಮೆರಿಕದಲ್ಲಿ ಬೇರೆ. ಕಂಪ್ಯೂಟರಿನ ಭಾಷೆ ಅಮೆರಿಕದ ಇಂಗ್ಲಿಷಿಗೆ ಇದ್ದರೆ ನಮ್ಮ ಶಾಲೆಗಳಲ್ಲಿ ಕಲಿಸುವ ಬ್ರಿಟಿಷ್ ಕಾಗುಣಿತಕ್ಕೆಲ್ಲ ಕೆಂಪು ಗೀಟು ಬೀಳುತ್ತದೆ. ಕೆಲಸ ಶುರುಮಾಡುವ ಮೊದಲು ಅದನ್ನು ಬದಲಿಸಿಕೊಳ್ಳಿ.

ನಮ್ಮ ಮುದ್ರಣಾಲಯಗಳಿಗೆ ದಿನವೂ ಬರುವ ಜೋಡಿಗಳು ಇವು. ಪ್ರಾಚಾರ್ಯರು ಎಂಬ ಅರ್ಥದ ಪ್ರಿನ್ಸಿಪಲ್ ಪಿ ಎ ಎಲ್ ಎಂದು ಮುಗಿಯುತ್ತದೆ, ತತ್ತ್ವ ಎಂಬ ಅರ್ಥದ್ದು ಪಿ ಎಲ್ ಇ ಎಂದು. ಕಾಗದ ಪೆನ್ನು ಮಾರುವ ಅಂಗಡಿಯ ಸ್ಟೇಷನರಿ ಇ ಆರ್ ವೈ, ಕದಲದೆ ನಿಂತದ್ದು ಎಂಬ ಅರ್ಥದ್ದು ಎ ಆರ್ ವೈ. ಸ್ಮರಣ ಸಂಚಿಕೆಯ ಜಾಹೀರಾತಿನಲ್ಲಿ ಶುಭ ಕೋರುವ ಕಾಂಪ್ಲಿಮೆಂಟ್ಸ್ ಪದದ ನಡುವೆ ಐ ಬೇಕು, ಇ ಹಾಕಿದರೆ ‘ಪೂರಕ’ ಎಂಬ ಅರ್ಥ ಬರುತ್ತದೆ. ಸನ್ಮಾನ ಸಮಾರಂಭದ ಪತ್ರಿಕೆಯಲ್ಲಿ ಫೆಲಿಸಿಟೇಟ್ ಇರಬೇಕಾದಲ್ಲಿ ‘ಅನುಕೂಲ ಮಾಡಿಕೊಡು’ ಎಂಬ ಅರ್ಥದ ಫೆಸಿಲಿಟೇಟ್ ಬರುವುದು ನಮ್ಮ ಕಡೆಯ ದೊಡ್ಡ ಪಿಡುಗು. ನಾಲ್ಕೂ ಜೋಡಿಯಲ್ಲಿ ಎರಡೂ ಪದಗಳ ಕಾಗುಣಿತ ಸರಿಯೇ ಇರುವುದರಿಂದ ಕೆಂಪು ಗೀಟು ಬೀಳುವುದಿಲ್ಲ.

ಹೆಸರುಗಳಲ್ಲಿ ಮಾತ್ರ ತಿದ್ದುವ ಕೈ ಬಿಗಿ ಹಿಡಿಯಬೇಕು. 2014ರ ನವೆಂಬರ್ 1ರಿಂದ ಹುಬ್ಬಳ್ಳಿಯ ಇಂಗ್ಲಿಷ್ ರೂಪ ಕನ್ನಡದ ಉಚ್ಚಾರಕ್ಕೆ ತಕ್ಕಂತೆ ಬದಲಾಯಿತು. ವಿಳಾಸದಲ್ಲಿ ಅದನ್ನೇ ಬಳಸಬೇಕು. ಆದರೆ ಹಳೆಯ ದಾಖಲೆಯನ್ನು ಉದ್ಧರಿಸುವಾಗ ಹಳೆಯ ರೂಪ ಹಾಗೇ ಇರಬೇಕು. ಧಾರವಾಡವನ್ನು ಬ್ರಿಟಿಷ್ ಕಾಲದ ಕಾಗದಗಳಲ್ಲಿ ಡಿ ಬದಲು ಆರ್ ಹಾಕಿ ಮುಗಿಸುತ್ತಿದ್ದರು, ಅದು ತಪ್ಪಲ್ಲ. ಇನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ: ಇಂಗ್ಲಿಷಿನಲ್ಲಿ ಅದರ ಹೆಸರಿನ ಕರ್ನಾಟಕ ಎಂಬ ಪದದ ಕೊನೆಗೆ ಎ ಇಲ್ಲ, ‘ಕರ್ನಾಟಕ್’ ಎಂದೇ ಮುಗಿಯುತ್ತದೆ. ರಾಜ್ಯಕ್ಕೆ ಈ ಹೆಸರು ಬಂದದ್ದು 1973ರಲ್ಲಿ, ವಿಶ್ವವಿದ್ಯಾಲಯ ಅದಕ್ಕಿಂತ ಹಳೆಯದು. ಬಿಟ್ಟುಹೋಗಿದೆ ಎಂದು ಒಂದು ಎ ಸೇರಿಸಿದರೆ ಪ್ರೂಫ್ ನೋಡಿದವರೇ ತಪ್ಪು ಮಾಡಿದಂತೆ.

ಹಳೆಯ ಫೈಲಿನ ಮೇಲೆ ಹೊಸ ಪತ್ರಿಕೆ

ಲಗ್ನಪತ್ರಿಕೆಯಲ್ಲಿ ಕಾಗುಣಿತಕ್ಕಿಂತ ಭಾರದ ತಪ್ಪುಗಳು ಇರುತ್ತವೆ, ಏಕೆಂದರೆ ಅದು ಯಾವಾಗಲೂ ಇನ್ನೊಂದು ಪತ್ರಿಕೆಯ ಮೇಲೆ ಮಾಡಿದ್ದು. ಮೊದಲು ತಾರೀಖು ಮತ್ತು ವಾರ ಹೊಂದುತ್ತವೆಯೇ ಎಂದು ಕ್ಯಾಲೆಂಡರ್ ತೆಗೆದು ನೋಡಿ, ನೆನಪಿನಿಂದ ಅಲ್ಲ. ಆಮೇಲೆ ಸಂವತ್ಸರ. ಅದು ಬದಲಾಗುವುದು ಯುಗಾದಿಗೆ, ಜನವರಿಗೆ ಅಲ್ಲ. ವಿಶ್ವಾವಸು ಸಂವತ್ಸರ ಶುರುವಾದದ್ದು 2025ರ ಮಾರ್ಚ್ 30ಕ್ಕೆ, ಪರಾಭವ 2026ರ ಮಾರ್ಚ್ 19ಕ್ಕೆ. ಆದ್ದರಿಂದ 2026ರ ಫೆಬ್ರುವರಿಯ ಮದುವೆಗೆ ವಿಶ್ವಾವಸು, ಅದೇ ವರ್ಷದ ಏಪ್ರಿಲ್ ಮದುವೆಗೆ ಪರಾಭವ. ಅಯನವೂ ಹೀಗೆ ಹಳೆಯದೇ ಉಳಿದುಬಿಡುತ್ತದೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಹೆಸರಿನ ಹಿಂದಿನ ಎರಡಕ್ಷರಕ್ಕೆ. ಹಳೆಯ ಪತ್ರಿಕೆಯಲ್ಲಿ ತೀರಿಕೊಂಡ ಅಜ್ಜನ ಹೆಸರಿನ ಹಿಂದೆ ‘ಲಿಂ.’ (ಲಿಂಗೈಕ್ಯ) ಅಥವಾ ‘ಕೈ.’ (ಕೈಲಾಸವಾಸಿ) ಇರುತ್ತದೆ. ಹೆಸರು ಅಳಿಸಿ ಹೊಸ ಹೆಸರು ಬರೆದಾಗ ಅದು ಹಾಗೇ ಉಳಿದರೆ ಬದುಕಿರುವ ಹಿರಿಯರನ್ನು ಲಿಂಗೈಕ್ಯರನ್ನಾಗಿ ಮಾಡಿದಂತೆ. ಆ ಮನೆಯವರಿಗೆ ಆಗುವ ನೋವನ್ನು ಮರುಮುದ್ರಣ ಮಾಡಿಕೊಟ್ಟು ತೀರಿಸಲು ಆಗುವುದಿಲ್ಲ. ಕಾಗುಣಿತದ ಓದು ಮುಗಿದ ಮೇಲೆ ಹೆಸರು, ಅದರ ಹಿಂದಿನ ಗುರುತು, ಸಂಬಂಧ, ಸಮಯ, ಸ್ಥಳ, ಫೋನ್ ನಂಬರು ಇಷ್ಟನ್ನೇ ಒಬ್ಬರು ಮೂಲ ಪ್ರತಿಯಿಂದ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರೂಫಿನ ಮೇಲೆ ಬೆರಳಿಟ್ಟು ನೋಡಬೇಕು. ಫೋನ್ ನಂಬರನ್ನು ಒಂದೊಂದೇ ಅಂಕಿಯಾಗಿ ಓದಬೇಕು, ಎಣಿಸಿ ಹತ್ತು ಇವೆಯೇ ನೋಡಬೇಕು.

ಕೊನೆಗೆ ಸಭೆಯಿಂದ ಬಂದ ಒಂದು ಪ್ರಶ್ನೆ: ತತ್ವ ಸರಿಯೋ, ತತ್ತ್ವ ಸರಿಯೋ? ಉಜ್ವಲವೋ, ಉಜ್ಜ್ವಲವೋ? ವ್ಯುತ್ಪತ್ತಿಯ ಪ್ರಕಾರ ತತ್ತ್ವ, ಉಜ್ಜ್ವಲ. ರೂಢಿಯಲ್ಲಿ ಎರಡೂ ನಡೆಯುತ್ತಿವೆ. ಇಂಥ ಕಡೆ ಸರಿ ತಪ್ಪಿನ ವಾದಕ್ಕಿಂತ ಒಂದೇ ಪುಸ್ತಕದಲ್ಲಿ ಒಂದೇ ರೂಪ ಇರುವುದು ಮುಖ್ಯ. ಪ್ರತಿ ಪುಸ್ತಕಕ್ಕೂ ಒಂದು ಹಾಳೆ ಇಟ್ಟುಕೊಳ್ಳಿ. ಮೊದಲ ಸಲ ಇಂಥ ಪದ ಬಂದಾಗ ಯಾವ ರೂಪ ಆರಿಸಿದಿರಿ ಎಂದು ಪುಟಸಂಖ್ಯೆಯೊಂದಿಗೆ ಅದರಲ್ಲಿ ಬರೆಯಿರಿ, ಲೇಖಕರಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಿ. ವಚನ ಸಾಹಿತ್ಯದ ಪುಸ್ತಕವಾದರೆ ಅನುಭವ, ಅನುಭಾವ ಎರಡನ್ನೂ ಆ ಹಾಳೆಯಲ್ಲಿ ಬೇರೆ ಬೇರೆ ಬರೆದಿಡಿ. ಎರಡೂ ಸರಿಯಾದ ಪದಗಳೇ, ಅರ್ಥ ಬೇರೆ. ಎಲ್ಲಿ ಯಾವುದು ಎಂದು ಹೇಳಬೇಕಾದವರು ಲೇಖಕರು, ಅವರನ್ನು ಕೇಳದೆ ಒಂದನ್ನು ಇನ್ನೊಂದಾಗಿ ತಿದ್ದಬಾರದು.